ಪ್ರತಿ ತಿಂಗಳೂ ಅದೇ ಬಿಲ್ಲು, ಅದೇ ಸಾಲು: ಬೇಸರದ ಕೆಲಸದಲ್ಲಿ ಗಮನ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ
ಬರೆದವರು: ಟಿಕ್ ಮಾರ್ಕ್, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ಗಾಂಧಿ ಬಜಾರಿನ ಹತ್ತಿರದ ಒಂದು ಸಣ್ಣ ಲೆಕ್ಕಪರಿಶೋಧನಾ ಕಚೇರಿಯಲ್ಲಿ ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಪ್ರತಿ ತಿಂಗಳು 14ನೇ ತಾರೀಖು ಜಿಎಸ್‌ಟಿ ಪೋರ್ಟಲಿನಲ್ಲಿ 2ಬಿ ಪಟ್ಟಿ, ಅಂದರೆ ಪೂರೈಕೆದಾರರು ತಮ್ಮ ಕಡೆಯಿಂದ ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ, 20ನೇ ತಾರೀಖಿನೊಳಗೆ 3ಬಿ ಎಂಬ ತಿಂಗಳ ತೆರಿಗೆ ವಿವರ ಸಲ್ಲಿಸಬೇಕು. ಈ ಎರಡರ ನಡುವಿನ ಆರು ದಿನಗಳಲ್ಲಿ ಸುಮಾರು ನಲವತ್ತು ಪಾರ್ಟಿಗಳ, ಅಂದರೆ ನಮ್ಮ ಕಚೇರಿಯ ಗ್ರಾಹಕರ, ಖರೀದಿ ಪುಸ್ತಕವನ್ನು ಆ ಪಟ್ಟಿಯೊಂದಿಗೆ ಸಾಲು ಸಾಲಾಗಿ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಎಡಗಡೆ ಲೆಕ್ಕದ ತಂತ್ರಾಂಶ ಟ್ಯಾಲಿಯಿಂದ ತೆಗೆದ ಪಟ್ಟಿ, ಬಲಗಡೆ 2ಬಿ. ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ತಾರೀಖು, ಮೊತ್ತ, ತೆರಿಗೆ. ಎಲ್ಲವೂ ಕೂಡಿದರೆ ಟಿಕ್, ಕೂಡದಿದ್ದರೆ ಕೆಂಪು ಗೆರೆ. ಒಂದು ಹಾರ್ಡ್‌ವೇರ್ ಅಂಗಡಿಯದೇ ಮುನ್ನೂರಕ್ಕೂ ಹೆಚ್ಚು ಬಿಲ್ಲುಗಳಿರುತ್ತವೆ.

ಈ ಕೆಲಸ ಕಷ್ಟದ್ದಲ್ಲ, ಎಂಟನೇ ತರಗತಿಯ ಮಗುವೂ ಮಾಡಬಹುದಾದದ್ದು. ತೊಂದರೆ ಇರುವುದೂ ಅಲ್ಲಿಯೇ. ಮೊದಲ ಪಾರ್ಟಿಯನ್ನು ಉತ್ಸಾಹದಿಂದ ಮುಗಿಸುತ್ತೇನೆ, ಮೂರನೆಯದಕ್ಕೆ ಬರುವಷ್ಟರಲ್ಲಿ ಕಣ್ಣು ಸಾಲಿನ ಮೇಲಿದ್ದರೂ ಮನಸ್ಸು ಎಲ್ಲೋ ಹೋಗಿರುತ್ತದೆ. ಹೋದ ತಿಂಗಳು ಒಬ್ಬ ಪೂರೈಕೆದಾರರಿಂದ ಒಂದೇ ಮೊತ್ತದ ಎರಡು ಬಿಲ್ಲುಗಳು ಬಂದಿದ್ದವು, ಎರಡೂ ತೊಂಬತ್ತು ಸಾವಿರ ರೂಪಾಯಿಯವು. 2ಬಿಯಲ್ಲಿ ಇದ್ದದ್ದು ಒಂದೇ. ಊಟ ಮುಗಿಸಿ ಬಂದು ಕುಳಿತವನು ಎರಡಕ್ಕೂ ಟಿಕ್ ಹಾಕಿಬಿಟ್ಟೆ. 2022ರ ಜನವರಿಯಿಂದ ಪಟ್ಟಿಯಲ್ಲಿ ಕಾಣದ ಬಿಲ್ಲಿನ ತೆರಿಗೆಗೆ ಜಮೆ ಪಡೆಯುವಂತಿಲ್ಲ, ಅಂದರೆ ಅದನ್ನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವಂತಿಲ್ಲ. ಹೀಗಾಗಿ ಎರಡನೆಯ ಬಿಲ್ಲಿನ ತೆರಿಗೆ 16,200 ರೂಪಾಯಿಯನ್ನು ಬಡ್ಡಿಸಮೇತ ಹಿಂತಿರುಗಿಸಬೇಕಾಯಿತು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಆ ಪಾರ್ಟಿಯ ಕಡತವನ್ನು ಸುಮ್ಮನೆ ಇನ್ನೊಬ್ಬರ ಮೇಜಿಗೆ ಕಳುಹಿಸಿದರು.

ಕಾಫಿ ಕುಡಿದು ನೋಡಿದ್ದೇನೆ, ಕಿವಿಗೆ ಹಾಡು ಹಾಕಿಕೊಂಡು ನೋಡಿದ್ದೇನೆ, ಕುರ್ಚಿ ಬದಲಿಸಿಯೂ ನೋಡಿದ್ದೇನೆ. ಮನೆಯಲ್ಲಿ ಕೇಳಿದರೆ "ಮನಸ್ಸಿಟ್ಟು ಮಾಡು" ಎನ್ನುತ್ತಾರೆ. ಇಟ್ಟ ಮನಸ್ಸು ಇಟ್ಟಲ್ಲಿ ಇರುವುದಿಲ್ಲವೆಂಬುದೇ ನನ್ನ ಪ್ರಶ್ನೆ. ಇಂಥ ಕೆಲಸವನ್ನು ವರ್ಷಗಟ್ಟಲೆ ತಪ್ಪಿಲ್ಲದೆ ಮಾಡಿದವರು ಇದ್ದರೆ, ನಿಜವಾಗಿ ಏನು ಮಾಡುತ್ತಿದ್ದಿರಿ ಎಂದು ತಿಳಿಸಿ.


ಉತ್ತರ 1
ಬರೆದವರು: ನಿವೃತ್ತ ಸಾರ್ಟರ್, ಚಾಮರಾಜಪೇಟೆ

ರೈಲ್ವೆ ಮೇಲ್ ಸರ್ವಿಸ್‌ನಲ್ಲಿ, ಜನ ಆರ್‌ಎಂಎಸ್ ಎಂದು ಕರೆಯುವ ಅಂಚೆ ವಿಭಾಗದಲ್ಲಿ, 31 ವರ್ಷ ಕಾಗದ ವಿಂಗಡಿಸಿದವನು ನಾನು. ನಿಮ್ಮ ಪತ್ರ ಓದಿದಾಗ ರಾತ್ರಿ ಪಾಳಿಯ ಟ್ಯೂಬ್‌ಲೈಟಿನ ಸದ್ದು ಕಿವಿಯಲ್ಲಿ ಕೇಳಿಸಿತು.

ನಮ್ಮ ಎದುರಿಗೆ ಗೂಡುಗಳಿರುವ ಮರದ ಚೌಕಟ್ಟು ಇರುತ್ತಿತ್ತು. ಎಡಗೈಯಲ್ಲಿ ಕಾಗದದ ಕಟ್ಟು, ಬಲಗೈ ಒಂದೊಂದನ್ನೇ ಎಳೆದು ಗೂಡಿಗೆ ಹಾಕುವುದು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದ ಮೇಲೆ ಕೆಲಸ ಸುಲಭವಾಯಿತೆಂದು ಎಲ್ಲರೂ ಭಾವಿಸುತ್ತಾರೆ, ಆದರೆ ತಪ್ಪುಗಳಿಗೂ ಅದೇ ದಾರಿ ಮಾಡಿಕೊಟ್ಟಿತು. 560010 ಎಂದರೆ ರಾಜಾಜಿನಗರ, 560011 ಎಂದರೆ ಜಯನಗರ. ಊರಿನಲ್ಲಿ ಒಂದು ಪಶ್ಚಿಮಕ್ಕೆ, ಇನ್ನೊಂದು ದಕ್ಷಿಣಕ್ಕೆ, ಸಂಖ್ಯೆಯಲ್ಲಿ ಮಾತ್ರ ಅಕ್ಕಪಕ್ಕದ ಮನೆ. 560003 ಮಲ್ಲೇಶ್ವರ, 560004 ನಿಮ್ಮ ಬಸವನಗುಡಿ. ಒಂದು ಗೂಡು ಆಚೀಚೆಯಾದರೆ ಮಲ್ಲೇಶ್ವರದ ಮದುವೆ ಪತ್ರಿಕೆ ಬಸವನಗುಡಿಗೆ ಹೋಗಿ, ಮುಹೂರ್ತ ಮುಗಿದ ಮೇಲೆ ಮನೆ ಸೇರುತ್ತಿತ್ತು. ಕನ್ನಡ ಅಂಕಿಗಳಲ್ಲಿ ಬರೆದ ವಿಳಾಸಗಳಲ್ಲಂತೂ ಅವಸರದ ಕೈಬರಹದ ೬ ಮತ್ತು ೯ ನಮ್ಮ ಜೀವ ಹಿಂಡುತ್ತಿದ್ದವು.

ನಾನು ಕಂಡುಕೊಂಡದ್ದು ಇಷ್ಟು: ಹೊಸಬರು ತಪ್ಪು ಮಾಡುವುದು ಕಡಿಮೆ, ಏಕೆಂದರೆ ಅವರಿಗೆ ಭಯವಿರುತ್ತದೆ. ಐದಾರು ವರ್ಷವಾದ ಮೇಲೆ ಕೈಗೆ ಸೊಕ್ಕು ಬರುತ್ತದೆ. ಕಣ್ಣು ಓದುವ ಮೊದಲೇ ಕೈ ಗೂಡಿನತ್ತ ಹೊರಟಿರುತ್ತದೆ. ನೀವು ಎರಡು ಬಿಲ್ಲಿಗೆ ಟಿಕ್ ಹಾಕಿದ್ದು ಬೇಸರದಿಂದ ಎಂದು ನೀವು ತಿಳಿದಿದ್ದೀರಿ, ನನಗೆ ಅದು ಕೈಯ ಸೊಕ್ಕಿನ ಹಾಗೆ ಕಾಣುತ್ತದೆ. ಅದಕ್ಕೆ ನಮ್ಮ ಹಿರಿಯರು ಕಲಿಸಿದ ಮದ್ದು, ಪಿನ್ನಿನ ಕೊನೆಯ ಎರಡು ಅಂಕಿಗಳನ್ನು ಬಾಯಲ್ಲಿ ಗುನುಗುವುದು. ಜೋರಾಗಿ ಅಲ್ಲ, ತುಟಿ ಅಲ್ಲಾಡಿದರೆ ಸಾಕು. ಬಾಯಿ ಹೇಳಿದ್ದನ್ನು ಕಿವಿ ಕೇಳುತ್ತದೆ, ಕೈ ಒಂದು ಗಳಿಗೆ ತಡೆಯುತ್ತದೆ. ನಮ್ಮ ಹಳ್ಳಿಯ ಕಣದಲ್ಲಿ ರಾಗಿ ಅಳೆಯುವಾಗ ಅಜ್ಜ ಮೊದಲ ಬಳ್ಳಕ್ಕೆ "ಲಾಭ" ಎಂದು, ಆಮೇಲೆ ಎರಡು, ಮೂರು ಎಂದು ಕೂಗುತ್ತಲೇ ಸುರಿಯುತ್ತಿದ್ದರು. ಶುಭಕ್ಕಾಗಿ ಎಂದು ಹೇಳುತ್ತಿದ್ದರಾದರೂ, ಕೂಗದೆ ಅಳೆದವರ ಲೆಕ್ಕ ತಪ್ಪುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಇನ್ನೊಂದು ಮಾತು. ವಿಳಾಸ ಅರ್ಥವಾಗದ ಕಾಗದಗಳನ್ನು, "ಆಂಜನೇಯನ ಗುಡಿ ಹಿಂದೆ, ಬೆಂಗಳೂರು" ಎಂಬಂಥವನ್ನು, ನಾವು ಆಗಲೇ ಬಿಡಿಸಲು ಹೋಗದೆ ಪಕ್ಕಕ್ಕೆ ಇಡುತ್ತಿದ್ದೆವು. ಪಾಳಿಯ ನಡುವೆ ಚಹಾ ಬಂದಾಗ ನಾಲ್ಕು ಜನ ಸೇರಿ ಅವನ್ನು ಬಿಡಿಸುತ್ತಿದ್ದೆವು, ಅದು ನಮಗೆ ಪದಬಂಧವಿದ್ದಂತೆ. ನಿಮ್ಮ ಕೆಂಪು ಗೆರೆಯ ಸಾಲುಗಳನ್ನೂ ಹಾಗೆ ಕೂಡಿಟ್ಟುಕೊಳ್ಳಿ.


ಉತ್ತರ 2
ಬರೆದವರು: ಮನಶ್ಶಾಸ್ತ್ರದ ಮೇಷ್ಟ್ರು, ಮಲ್ಲೇಶ್ವರ

ಹಿರಿಯರು ತುಟಿ ಅಲ್ಲಾಡಿಸುವ ಬಗ್ಗೆ ಬರೆದದ್ದು ನನಗೆ ಬಹಳ ಹಿಡಿಸಿತು. ಜಪಾನಿನ ರೈಲ್ವೆ ನೌಕರರು ಇದನ್ನೇ ಒಂದು ಶಿಸ್ತಾಗಿ ಮಾಡಿಕೊಂಡಿದ್ದಾರೆ: ಸಿಗ್ನಲ್ ಕಂಡಾಗ ಅದರತ್ತ ಬೆರಳು ತೋರಿಸಿ, ಅದರ ಸ್ಥಿತಿಯನ್ನು ಬಾಯಿಬಿಟ್ಟು ಹೇಳುತ್ತಾರೆ. ಅಲ್ಲಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 1994ರಲ್ಲಿ ಇದನ್ನು ಒಂದು ಸರಳ ಕೆಲಸದ ಮೂಲಕ ಪರೀಕ್ಷಿಸಿದಾಗ, ಸುಮ್ಮನೆ ಮಾಡಿದಾಗ ನೂರಕ್ಕೆ 2.38 ಇದ್ದ ತಪ್ಪುಗಳು ಬೆರಳು ತೋರಿಸಿ ಹೇಳಿದಾಗ 0.38ಕ್ಕೆ ಇಳಿದಿದ್ದವು. ನೋಡುವವರಿಗೆ ವಿಚಿತ್ರವಾಗಿ ಕಾಣುತ್ತದೆ, ಕೆಲಸವಂತೂ ಮಾಡುತ್ತದೆ.

ಆದರೆ ಮೂಲ ಪ್ರಶ್ನೆ ಮನಸ್ಸು ಯಾಕೆ ಇಟ್ಟಲ್ಲಿ ಇರುವುದಿಲ್ಲ ಎಂಬುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ರೇಡಾರ್ ನೋಡುವವರು, ಸಮರ್ಥರೂ ಪ್ರಾಮಾಣಿಕರೂ ಆಗಿದ್ದರೂ, ಸ್ವಲ್ಪ ಹೊತ್ತಾದ ಮೇಲೆ ಪರದೆಯ ಮೇಲಿನ ಗುರುತುಗಳನ್ನು ಕಾಣದೆ ಬಿಡುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಸಂಶೋಧಕರು ಇದನ್ನು ಅಳೆಯಲು ಒಂದು ಗಡಿಯಾರ ಮಾಡಿಸಿದರು. ಅದರ ಮುಳ್ಳು ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತದೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ. ಹಾರಿದಾಗ ಗುಂಡಿ ಒತ್ತಬೇಕು. ಹೀಗೆ ಎರಡು ಗಂಟೆ. 1948ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಕಂಡದ್ದೇನೆಂದರೆ, ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನರು ಹಾರಿದ ಮುಳ್ಳನ್ನು ಗುರುತಿಸದೆ ಬಿಡುವುದು ಎದ್ದು ಕಾಣುವಷ್ಟು ಹೆಚ್ಚುತ್ತಿತ್ತು. ನಿಮ್ಮ ಮುನ್ನೂರು ಸಾಲುಗಳ ಪಟ್ಟಿಯೂ ಅಂಥ ಗಡಿಯಾರವೇ: ಬಹುಪಾಲು ಸಾಲುಗಳು ಸರಿಯಾಗಿಯೇ ಇರುತ್ತವೆ, ತಪ್ಪು ಎಂಬುದು ಅಪರೂಪಕ್ಕೆ ಹಾರುವ ಮುಳ್ಳು. ಅಪರೂಪವಾದಷ್ಟೂ ಅದನ್ನು ಕಾಣುವುದು ಕಷ್ಟ. ಇದು ನಿಮ್ಮ ಶ್ರದ್ಧೆಯ ಕೊರತೆಯಲ್ಲ ಎಂದು ಮೊದಲು ಒಪ್ಪಿಕೊಳ್ಳಿ, ಏಕೆಂದರೆ ಶ್ರದ್ಧೆ ಇಲ್ಲವೆಂದು ತಮ್ಮನ್ನೇ ಬೈದುಕೊಳ್ಳುವವರು ಇನ್ನೂ ಒಂದು ಗಂಟೆ ಹೆಚ್ಚು ಕುಳಿತು ಇನ್ನೂ ನಾಲ್ಕು ತಪ್ಪು ಮಾಡುತ್ತಾರೆ.

ಹಾಗಾದರೆ ಅರ್ಧ ಗಂಟೆಗೆ ಮೊದಲೇ ಏಳಬೇಕು. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಯಲ್ಲಿ, ತಾವು ವಿದ್ಯಾರ್ಥಿಯಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವಿಟ್ಟುಕೊಂಡು ರೂಢಿಸಿಕೊಂಡ 25 ನಿಮಿಷ ಕೆಲಸ, ಆಮೇಲೆ ವಿರಾಮ ಎಂಬ ಲೆಕ್ಕ ಇಂದು ಎಲ್ಲರ ಬಾಯಲ್ಲೂ ಇದೆ. ಆ 25ರಲ್ಲಿ ಮಂತ್ರವೇನೂ ಇಲ್ಲ, ಇಪ್ಪತ್ತಾದರೂ ಸರಿ. ಮುಖ್ಯವಾದದ್ದು ಏಳುವುದು, ಎದ್ದಾಗ ಫೋನು ಹಿಡಿಯದೆ ಇರುವುದು. ಫೋನಿನ ಪರದೆಯೂ ಕಣ್ಣಿಗೆ ಸಾಲುಗಳೇ. ಅದು ವಿಶ್ರಾಂತಿಯಲ್ಲ, ಇನ್ನೊಂದು ಪಾಳಿ. ಕಿಟಕಿಯ ಹತ್ತಿರ ಹೋಗಿ ರಸ್ತೆ ನೋಡಿ. ಸುಮ್ಮನೆ ನಿಲ್ಲುವುದು ಸುಲಭವೆಂದು ನಾನು ಹೇಳುತ್ತಿಲ್ಲ. 2014ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಜನರನ್ನು ಖಾಲಿ ಕೋಣೆಯಲ್ಲಿ ಹದಿನೈದು ನಿಮಿಷ ಒಬ್ಬರೇ ಕೂರಿಸಿದಾಗ, ಬೇಕಿದ್ದರೆ ಒತ್ತಿ ಎಂದು ಇಟ್ಟಿದ್ದ ವಿದ್ಯುತ್ ಶಾಕ್ ಕೊಡುವ ಗುಂಡಿಯನ್ನು 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒತ್ತಿಕೊಂಡಿದ್ದರು. ಬೇಸರಕ್ಕಿಂತ ನೋವು ವಾಸಿ ಎಂದು ಕಂಡಿರಬೇಕು.

ಹಾಡಿನ ವಿಷಯ. ಕೆಲಸವನ್ನು ಎರಡಾಗಿ ಬೇರ್ಪಡಿಸಿ ನೋಡಿ. ಬಿಲ್ಲುಗಳನ್ನು ತಾರೀಖಿನಂತೆ ಜೋಡಿಸುವುದು, ಪಂಚ್ ಮಾಡಿ ಫೈಲಿಗೆ ಸೇರಿಸುವುದು ಕೈಯ ಕೆಲಸ. ಅದಕ್ಕೆ ಯಾವ ಹಾಡಾದರೂ, ಯಾವ ಹರಟೆಯಾದರೂ ನಡೆಯುತ್ತದೆ. ಜನವರಿಯಲ್ಲಿ ನಮ್ಮ ಮನೆಯಲ್ಲಿ ಅವರೆಕಾಳು ಹಿತುಕಲು ಕುಳಿತರೆ ಎರಡು ಕೆಜಿ ಕಾಳು ಮುಗಿಯುವಷ್ಟರಲ್ಲಿ ಇಡೀ ಬೀದಿಯ ಸಮಾಚಾರ ಮುಗಿದಿರುತ್ತದೆ, ಒಂದು ಕಾಳೂ ಸಿಪ್ಪೆಯೊಂದಿಗೆ ಸಾರಿಗೆ ಹೋಗುವುದಿಲ್ಲ. ಸಂಖ್ಯೆಗೆ ಸಂಖ್ಯೆ ತಾಳೆ ನೋಡುವುದು ಹಾಗಲ್ಲ. ಅದು ಒಳಗೊಳಗೇ ಓದುವ ಕೆಲಸ. ಮಾತಿರುವ ಹಾಡು ಅದೇ ಬಾಯಿಗೆ ಪೈಪೋಟಿಗೆ ಬರುತ್ತದೆ. ಆಗ ಏನಾದರೂ ಬೇಕೇ ಬೇಕೆಂದರೆ ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ಎಫ್ಎಂ ವಾಹಿನಿ 100.1ರ ಅಮೃತವರ್ಷಿಣಿಯಲ್ಲಿ ವೀಣೆಯೋ ಕೊಳಲೋ ಬರುವಾಗ ಸಣ್ಣಗೆ ಹಾಕಿಕೊಳ್ಳಿ. ಹಾಡುಗಾರಿಕೆ ಆರಂಭವಾದರೆ ನಿಲ್ಲಿಸಿ, ಇಲ್ಲದಿದ್ದರೆ ಸಾಹಿತ್ಯ ಕೇಳುತ್ತಾ ಕುಳಿತುಬಿಡುತ್ತೀರಿ.


ಉತ್ತರ 3
ಬರೆದವರು: ಟೆಸ್ಟಿಂಗ್‌ನವನು, ವೈಟ್‌ಫೀಲ್ಡ್

ಎಲ್ಲರೂ ಬಹಳ ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಮಾತು ಯಾರೂ ಎತ್ತಲಿಲ್ಲ: ಈ ಕೆಲಸದ ಮುಕ್ಕಾಲು ಪಾಲನ್ನು ಮನುಷ್ಯರು ಮಾಡಲೇಬಾರದು. ಎರಡೂ ಪಟ್ಟಿಗಳನ್ನು ಎಕ್ಸೆಲ್‌ಗೆ ತನ್ನಿ. ಬಿಲ್ ಸಂಖ್ಯೆ ಕೂಡುವುದಿಲ್ಲವೆಂದು ಬಹಳ ಜನ ಕೈಬಿಡುತ್ತಾರೆ, ಏಕೆಂದರೆ ಒಬ್ಬರು 0086 ಎಂದು, ಇನ್ನೊಬ್ಬರು 86/24-25 ಎಂದು ಬರೆದಿರುತ್ತಾರೆ. ಬಿಲ್ ಸಂಖ್ಯೆಯನ್ನು ಸದ್ಯಕ್ಕೆ ಬಿಟ್ಟು, ಜಿಎಸ್‌ಟಿ ಸಂಖ್ಯೆಯನ್ನೂ ತೆರಿಗೆಗೆ ಒಳಪಡುವ ಮೊತ್ತವನ್ನೂ ಅಂಟಿಸಿ ಒಂದು ಹೊಸ ಕಾಲಂ ಮಾಡಿಕೊಳ್ಳಿ, ಪೈಸೆಗಳನ್ನು ಮೊದಲೇ ರೌಂಡ್ ಮಾಡಿ. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ್ದು, ನಮ್ಮದು 29. ಕೊನೆಯದು ತಪ್ಪು ಹಿಡಿಯುವ ಅಕ್ಷರವಾದ್ದರಿಂದ ಪೋರ್ಟಲಿನಿಂದ ಬಂದ ಸಂಖ್ಯೆಗಳನ್ನು ನಂಬಬಹುದು. ನಂತರ ಆ ಕಾಲಂ ಇಟ್ಟುಕೊಂಡು, ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕಿಕೊಡುವ ವಿಲುಕಪ್ ಸೂತ್ರ ಹಾಕಿ. ಅದಕ್ಕೂ ಮೊದಲು, ಮರೆಯದೆ, ಎರಡೂ ಕಡೆ ಕೌಂಟಿಫ್ ಎಂಬ ಎಣಿಕೆಯ ಸೂತ್ರ ಹಾಕಿ ಅದೇ ಪೂರೈಕೆದಾರರ ಅದೇ ಮೊತ್ತ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಪುಸ್ತಕದಲ್ಲಿ ಎರಡು, 2ಬಿಯಲ್ಲಿ ಒಂದು ಎಂದು ಅದು ಆಗಲೇ ಹೇಳುತ್ತಿತ್ತು, ನಿಮ್ಮ 16,200 ರೂಪಾಯಿ ಉಳಿಯುತ್ತಿತ್ತು.


ಟಿಕ್ ಮಾರ್ಕ್ ಅವರ ಮರುಮಾತು

ಧನ್ಯವಾದಗಳು. ಕೌಂಟಿಫ್ ನನಗೆ ಹೊಳೆದಿರಲೇ ಇಲ್ಲ. ಒಂದು ಅನುಮಾನವಿದೆ: ಹಿಂದೊಮ್ಮೆ ಯಾರೋ ಮಾಡಿಕೊಟ್ಟ ಸೂತ್ರ ಬಳಸಿದಾಗ ಹಸಿರು ಬಣ್ಣ ಬಂದ ಸಾಲುಗಳನ್ನು ನಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಸೂತ್ರ ತಪ್ಪಿದ್ದರೂ ಗೊತ್ತಾಗುತ್ತಿರಲಿಲ್ಲ. ಈಗ ನನಗೆ ಬೇಸರ, ಆಗ ನನ್ನ ಬದಲು ಯಂತ್ರಕ್ಕೆ ಸೊಕ್ಕು. ಪ್ರತಿ ಪಾರ್ಟಿಯಲ್ಲೂ ಹತ್ತು ಹಸಿರು ಸಾಲುಗಳನ್ನಾದರೂ ಕೈಯಿಂದ ನೋಡಬೇಕೆಂದು ನಿಶ್ಚಯಿಸಿದ್ದೇನೆ.


ಉತ್ತರ 4
ಬರೆದವರು: ಲೈನ್ ಸೂಪರ್‌ವೈಸರ್, ಮೈಸೂರು ರಸ್ತೆ

ನೀವೆಲ್ಲ ಎದ್ದು ಕಿಟಕಿಯ ಹತ್ತಿರ ಹೋಗಬಹುದಾದವರು, ಆದ್ದರಿಂದ ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಾನು ಗಾರ್ಮೆಂಟ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಕಾಲರ್ ಹೊಲಿದು ಈಗ ಸೂಪರ್‌ವೈಸರ್ ಆಗಿರುವವಳು. ಲೈನಿನ ತುದಿಯಲ್ಲಿ ಒಂದು ಬೋರ್ಡಿರುತ್ತದೆ, ಗಂಟೆಗೆ ಎಷ್ಟು ಪೀಸ್ ಆಗಬೇಕಿತ್ತು, ಎಷ್ಟಾಯಿತು ಎಂದು ಅದರಲ್ಲಿ ಬರೆಯುತ್ತಾರೆ. ಕಾಲರ್ ಹೊಲಿಯುವವಳು ಕಾಲರನ್ನೇ ಹೊಲಿಯುತ್ತಾಳೆ. ತಾನು ಹೊಲಿದ ಅಂಗಿ ಪೂರ್ತಿಯಾದಾಗ ಹೇಗೆ ಕಾಣುತ್ತದೆಂದು ಅವಳಿಗೆ ನೋಡಲು ಸಿಗುವುದೇ ಕಡಿಮೆ. ಅವಳಿಗೆ ಮನಸ್ಸಿಟ್ಟು ಮಾಡು ಎಂದು ಹೇಳುವುದು ನನಗೆ ನಾಚಿಕೆಯ ವಿಷಯ.

ಒಂದು ಸಲ ಮೇಲಿನವರು ಲೈನಿನಲ್ಲಿ ಮಾತಾಡಬಾರದೆಂದು ಆಜ್ಞೆ ಮಾಡಿದರು. ಆ ವಾರ ಆಲ್ಟರೇಷನ್‌ಗೆ ವಾಪಸಾದ ಪೀಸುಗಳ ರಾಶಿ ನನ್ನ ಮೊಣಕಾಲಿನಷ್ಟು ಎತ್ತರ ಬಂದಿತ್ತು. ಮಾತು ನಿಂತರೆ ನಿದ್ದೆ ಬರುತ್ತದೆ, ಅಷ್ಟೇ. ಸದ್ದಿಲ್ಲದೆ ಆಜ್ಞೆ ಮರೆತುಹೋಯಿತು. ನಾನು ಸೂಪರ್‌ವೈಸರ್ ಆದ ಮೇಲೆ ಮಾಡಿದ್ದು, ಊಟದ ನಂತರ ಕಾಲರಿನವರನ್ನು ಕಫ್‌ಗೆ, ಕಫ್‌ನವರನ್ನು ಕಾಲರಿಗೆ ಕಳುಹಿಸುವುದು. ಮೊದಲ ನಾಲ್ಕು ದಿನ ಸಂಖ್ಯೆ ಬಿತ್ತು, ನನಗೆ ಬೈಗುಳವೂ ಬಿತ್ತು. ಆಮೇಲೆ ಸಂಖ್ಯೆ ಮೊದಲಿನಷ್ಟಕ್ಕೆ ಬಂತು, ಭುಜ ನೋಯುತ್ತದೆ ಎನ್ನುವವರು ಕಡಿಮೆಯಾದರು. ಸಂಖ್ಯೆ ಹೆಚ್ಚಿತೆಂದು ನಾನು ಸುಳ್ಳು ಹೇಳುವುದಿಲ್ಲ.

ಆದ್ದರಿಂದ ಬಸವನಗುಡಿಯವರಿಗೆ ನನ್ನ ಸಲಹೆ ಒಂದೇ. ನಲವತ್ತು ಪಾರ್ಟಿಗಳನ್ನು ಆರು ದಿನಗಳಲ್ಲಿ ಒಬ್ಬರೇ ನೋಡುವುದು ನ್ಯಾಯವೇ ಎಂದು ಯಜಮಾನರನ್ನು ಕೇಳಿ. ಪಕ್ಕದ ಮೇಜಿನವರೊಂದಿಗೆ ಪಾರ್ಟಿಗಳನ್ನು ಅದಲುಬದಲು ಮಾಡಿಕೊಂಡರೆ ಒಬ್ಬರ ಕಣ್ಣಿಗೆ ರೂಢಿಯಾದದ್ದು ಇನ್ನೊಬ್ಬರ ಕಣ್ಣಿಗೆ ಹೊಸದಾಗಿರುತ್ತದೆ.


ಉತ್ತರ 5
ಬರೆದವರು: ಹಳೇ ಬ್ಯಾಂಕಿನವರು, ಹನುಮಂತನಗರ

ಚಿಕ್ಕದೊಂದು ಉಪಾಯ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಲೆಡ್ಜರ್ ಕೂಡದಿದ್ದರೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ವ್ಯತ್ಯಾಸವನ್ನು ಮೊದಲು 9ರಿಂದ ಭಾಗಿಸುತ್ತಿದ್ದೆವು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು: 54ನ್ನು 45 ಎಂದು ಬರೆದರೆ ವ್ಯತ್ಯಾಸ 9, 72ನ್ನು 27 ಎಂದು ಬರೆದರೆ 45. ಅದು ಸಿಗದಿದ್ದರೆ ವ್ಯತ್ಯಾಸದ ಅರ್ಧದಷ್ಟು ಮೊತ್ತವನ್ನು ಹುಡುಕುತ್ತಿದ್ದೆವು, ಏಕೆಂದರೆ ಜಮೆಯದನ್ನು ಖರ್ಚಿನ ಕಡೆ ಬರೆದಿದ್ದರೆ ವ್ಯತ್ಯಾಸ ಇಮ್ಮಡಿಯಾಗುತ್ತದೆ. ಏನನ್ನು ಹುಡುಕುತ್ತಿದ್ದೇನೆಂದು ಗೊತ್ತಿದ್ದರೆ ಮುನ್ನೂರು ಸಾಲು ಓದುವಾಗ ನಿದ್ದೆ ಬರುವುದಿಲ್ಲ, ಕಳ್ಳನನ್ನು ಹುಡುಕಿದಂತಿರುತ್ತದೆ.


ಟಿಕ್ ಮಾರ್ಕ್ ಅವರಿಂದ, 21ನೇ ತಾರೀಖು

ನಿನ್ನೆ ಸಂಜೆ ಕೊನೆಯ 3ಬಿ ಸಲ್ಲಿಸಿ ಇದನ್ನು ಬರೆಯುತ್ತಿದ್ದೇನೆ. ಈ ಸಲ ಕಣ್ಣಿನ ಕೆಲಸವನ್ನೆಲ್ಲ ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು, ಮಾಡಿದೆ. ಊಟದ ನಂತರ ಪಂಚಿಂಗ್ ಮತ್ತು ಫೈಲಿಂಗ್ ಮಾತ್ರ. ಹಳೆಯ ಕಡತಗಳಿರುವ ಹಿಂದಿನ ಕೋಣೆಗೆ ಹೋಗಿ, ಸಾಲಿನ ಮೇಲೆ ಬೆರಳಿಟ್ಟು ಬಾಯಿಬಿಟ್ಟು ಓದಿದೆ. ಕಾಫಿ ತರುವ ಹುಡುಗ ಎರಡು ದಿನ ಬಾಗಿಲಲ್ಲೇ ನಿಂತು, ಫೋನಿನಲ್ಲಿ ಮಾತಾಡುತ್ತಿದ್ದೇನೆಂದು ಕಾದು, ಮೂರನೆಯ ದಿನ "ಯಾರ ಹತ್ತಿರ ಸಾರ್ ಮಾತು?" ಎಂದು ಕೇಳಿಯೇಬಿಟ್ಟ. ಮೊದಲ ದಿನ ಗಂಟಲು ಒಣಗಿತು, ವೇಗವೂ ಕಡಿಮೆಯಾಯಿತು. ಸೂತ್ರ ಹಾಕಿದ್ದರಿಂದ ಕೈಯಿಂದ ನೋಡಬೇಕಾದ ಸಾಲುಗಳೇ ಕಡಿಮೆಯಿದ್ದವು, ಆದ್ದರಿಂದ ನಡೆದುಹೋಯಿತು.

18ರಂದು ಒಂದು ಬೇಕರಿಯ ಲೆಕ್ಕದಲ್ಲಿ 360 ರೂಪಾಯಿ ಕೂಡಲಿಲ್ಲ. ಒಂಬತ್ತರಿಂದ ಭಾಗಿಸಿದೆ, 40 ಬಂತು, ಶೇಷವಿಲ್ಲ. ಮೈದಾ ಬಿಲ್ಲುಗಳಲ್ಲಿ ನಾಲ್ಕೇ ನಿಮಿಷಕ್ಕೆ ಸಿಕ್ಕಿತು: 5,841 ಇರಬೇಕಾದ ಕಡೆ 5,481. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಈ ಕೆಲಸದಲ್ಲಿ ನನಗೆ ನಗು ಬಂತು ಎಂದು ಹನುಮಂತನಗರದ ಹಿರಿಯರಿಗೆ ತಿಳಿಸಬೇಕು.

ನಾಲ್ಕನೆಯ ದಿನದ ಮಧ್ಯಾಹ್ನ ಎಂದಿನಂತೆಯೇ ಜಡವಾಗಿತ್ತು, ಅದಕ್ಕೆ ಮದ್ದು ಸಿಕ್ಕಿಲ್ಲ. ಮೈಸೂರು ರಸ್ತೆಯ ಮೇಡಂ ಹೇಳಿದಂತೆ ಯಜಮಾನರನ್ನು ಕೇಳಿದೆ. ಜನ ಹೆಚ್ಚಿಸುವ ಮಾತಿಗೆ ಅವರು ಕನ್ನಡಕ ಒರೆಸಿಕೊಂಡರು, ಅದಲುಬದಲಿಗೆ ಒಪ್ಪಿದರು. ಸದ್ಯಕ್ಕೆ ಆರು ಪಾರ್ಟಿಗಳು ಪಕ್ಕದ ಮೇಜಿಗೆ ಹೋಗಿ ಅಲ್ಲಿಂದ ಆರು ನನ್ನ ಕಡೆಗೆ ಬರುತ್ತವೆ. ಹಾರ್ಡ್‌ವೇರ್ ಅಂಗಡಿಯ ಕಡತ ಅವುಗಳಲ್ಲಿ ಒಂದು.

ವೈಟ್‌ಫೀಲ್ಡಿನವರಿಗೆ ಒಂದು ಪ್ರಶ್ನೆ ಉಳಿದಿದೆ. ಮಾಲು ವಾಪಸಾದಾಗಲೋ ಬೆಲೆ ಇಳಿಸಿದಾಗಲೋ ಪೂರೈಕೆದಾರರು ಕೊಡುವ ಕ್ರೆಡಿಟ್ ನೋಟುಗಳು ಟ್ಯಾಲಿಯ ಪಟ್ಟಿಯಲ್ಲಿ ಋಣ ಚಿಹ್ನೆಯೊಂದಿಗೂ 2ಬಿಯಲ್ಲಿ ಅದಿಲ್ಲದೆಯೂ ಬರುವುದರಿಂದ ಆ ಹೊಸ ಕಾಲಂ ಅವುಗಳಿಗೆ ಕೂಡುತ್ತಿಲ್ಲ. ಅವನ್ನು ಬೇರೆ ಹಾಳೆಗೆ ತೆಗೆದು ನೋಡುವುದೇ ಸರಿಯೇ, ಇಲ್ಲವೇ ಅದೇ ಸೂತ್ರದಲ್ಲಿ ಸರಿಪಡಿಸಬಹುದೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.